ಗುಳಿಗಿಯಿಂದ ಆದದ್ದಲ್ಲ

ಸಂದುನೋವಿನ ಗುಳಿಗಿ ತಿಂದ್ರ ಗಂಡು ಹೆಣ್ಣಾಗಂಗಿಲ್ಲ. ಹೆಣ್ಣು ಗಂಡಾಗಂಗಿಲ್ಲ. ಇದನ್ನ ಮೊದಲನೇ ಸಾಲಿನ್ಯಾಗ ಬರದು ಬಿಡ್ತೀನಿ, ಯಾಕಂದ್ರ ಈ ಒಂದು ಮಾತು ಬಾಯಿಬಿಟ್ಟು ಹೇಳಾಕ ನಮ್ಮ ಮನ್ಯಾಗ ಮೂರು ವರ್ಷ ಹಿಡೀತು. ಅದಕ್ಕ ಬೆಲೆ ತೆತ್ತಾಕಿ ನಾನಲ್ಲ, ನಮ್ಮ ಚಿಗವ್ವನ ಮಗಳು. ಹದಿನೇಳು ವರ್ಷದ ಹುಡುಗಿ.

ನನ್ನ ಹೆಸರು ಅಕ್ಷತಾ. ಇದು ನಾನ ಇಟಗೊಂಡ ಹೆಸರು. ಹುಟ್ಟಿದಾಗ ಇಟ್ಟ ಗಂಡು ಹೆಸರು ಇಲ್ಲಿ ಬರಿಯಂಗಿಲ್ಲ, ದವಾಖಾನ್ಯಾಗ ಅದನ್ನ ಕೇಳಿ ಕೇಳಿ ಸಾಕಾಗೈತಿ. ನಮ್ಮಪ್ಪ ರಾಯಚೂರ ಕಡೆಯವರು. ನೀರಾವರಿ ಕಚೇರಿಯಾಗ ನೌಕರಿ ಸಿಕ್ಕು ಹೈದರಾಬಾದಿಗೆ ಬಂದವರು ಇಲ್ಲೇ ಉಳಕೊಂಡ್ರು. ನಾ ಹುಟ್ಟಿದ್ದು, ಬೆಳೆದದ್ದು ಎಲ್ಲಾ ಇಲ್ಲೇ. ಮನ್ಯಾಗ ಕನ್ನಡ, ಬಾಗಲಾ ದಾಟಿದ್ರ ತೆಲುಗು, ಬಸ್ಸಿನ್ಯಾಗ ಹಿಂದಿ. ನಾ ಕಾಲೇಜಿನ್ಯಾಗ ಇದ್ದಾಗ ಅಪ್ಪ ತೀರಿಕೊಂಡ್ರು. ಉಳಿದವರು ನಾನು, ನಮ್ಮವ್ವ, ಮಿಯಾಪುರದಾಗ ಎರಡು ಖೋಲಿಯ ಮನಿ. ಮೂರನೇ ಮಾಳಿಗಿ, ಲಿಫ್ಟ್ ಇಲ್ಲ. ಲಿಫ್ಟ್ ಇಲ್ಲದ್ದು ಆವಾಗ ದೊಡ್ಡ ಮಾತಾಗಿರಲಿಲ್ಲ.

ಊರಾಗ ಆಗ ಕಂಪ್ಯೂಟರ್ ಸುಗ್ಗಿ. ಕೊಂಡಾಪುರದ ಕಡೆ ಬಂಡಿಗಲ್ಲು ಒಡದು ಒಡದು ಗಾಜಿನ ಕಟ್ಟಡ ಎಬ್ಬಿಸಾಕತ್ತಿದ್ರು. ಇಂಜಿನಿಯರಿಂಗ್ ಓದಿದವರು ಸಾಫ್ಟ್‌ವೇರಿಗೆ ಹೋದ್ರ ಬಿ.ಎಸ್ಸಿ. ಓದಿದ ನನ್ನಂಥವರು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ನಿಗೆ. ಅಂದ್ರ ಅಮೆರಿಕಾದ ಡಾಕ್ಟರು ತಮ್ಮ ಪೇಶಂಟುಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿ ಕಳಸ್ತಾರ, ನಾವು ಕಿವಿಗೆ ಹೆಡ್‌ಫೋನ್ ಹಚಗೊಂಡು ಕೇಳಿ ಕೇಳಿ ಟೈಪ್ ಮಾಡಬೇಕು. ಮೇಜಿನ ಕೆಳಗ ಕಾಲಿಗೆ ಒಂದು ಪೆಡಲ್ ಇರತೈತಿ. ಒತ್ತಿದ್ರ ಮಾತು ಓಡತೈತಿ, ಬಿಟ್ರ ನಿಲ್ಲತೈತಿ. ದಿನಕ್ಕ ಸಾವಿರ ಸಲ ಒತ್ತಬೇಕು. ನನ್ನ ಬ್ಯಾನಿ ಮೊದಲು ಕಂಡದ್ದು ಆ ಪೆಡಲಿನ ಮ್ಯಾಲೆ. ಬಲಗಾಲಿನ ಹರಡು ನೋಯಾಕತ್ತಿತು, ಎಡಗಾಲಿಗೆ ಬದಲಿ ಮಾಡಿದೆ. ಎಂಟು ದಿನಕ್ಕ ಅದೂ ನೋವು. ಮುಂಜಾನೆ ಎದ್ರ ಕೈಬಟ್ಟು ಮಡಿಚಿದ್ವು ಬಿಚ್ಚವಲ್ಲವು. ಸಂಜಿಗೆ ಜ್ವರ. ಬಿಸಲಾಗ ಬಸ್ಸಿಗೆ ನಿಂತ್ರ ಎರಡೂ ಗಲ್ಲ ಕೆಂಪಗಾಗಿ ಉರೀತಿದ್ವು. ದಿನಾ ಹತ್ತು ಮಂದಿ ರೋಗ ಟೈಪ್ ಮಾಡಾಕಿಗೆ ತನ್ನ ರೋಗ ಗೊತ್ತಾಗಲಿಲ್ಲ ನೋಡ್ರಿ.

ಏಳು ತಿಂಗಳು ತಿರಗಿದ್ವಿ. ಒಬ್ಬ ಡಾಕ್ಟರ್ ಟೈಫಾಯ್ಡ್ ಅಂದ, ಇನ್ನೊಬ್ಬ ಚಿಕುನ್‌ಗುನ್ಯಾ ಇರಬೇಕು ಅಂದ. ಮೂರನೇಯವ ನನ್ನ ಉದ್ದ ಕೂದ್ಲ ನೋಡಿ, ಕಿವ್ಯಾಗಿನ ರಿಂಗು ನೋಡಿ, ಅವ್ವನ್ನ ಹೊರಗ ಕಳಿಸಿ, ಸರಳ ಕೇಳಿದ: “ಎಲ್ಲೆಲ್ಲಿ ಹೋಗ್ತೀಯಪ್ಪಾ? ಎಚ್‌ಐವಿ ಮಾಡಸೂಣ?” ಮಾಡಿಸಿದ. ಏನೂ ಬರಲಿಲ್ಲ. ಅದಕ್ಕ ಅವಗ ಬ್ಯಾಸರ ಆಯ್ತು ಅಂತ ನನಗ ಅನ್ನಿಸ್ತು.

ಕಡೀಕ ಒಂದು ದೊಡ್ಡ ದವಾಖಾನಿಯ ಸಂದುರೋಗದ ಡಾಕ್ಟರಮ್ಮನ ಹತ್ರ ಹೋದ್ವಿ. ಅಲ್ಲಿನ ಓಪಿ ಹಾಲ್ ಅಂದ್ರ ಸಂತಿ. ಪಟಾನ್‌ಚೆರುವಿನ ಕಾರ್ಖಾನಿ ಕೂಲಿಯವರು, ಊರಿಂದ ಬಂದ ಮುದುಕಿಯರು, ಕೊರಳಾಗ ಆಫೀಸಿನ ಕಾರ್ಡ್ ಹಾಕ್ಕೊಂಡ ಹುಡುಗೂರು. ಬಾಗಲಾಗ ನಿಂತ ಕಾಂಪೌಂಡರ್ ಗಂಟಲಾ ಹರಕೊಂಡು ಹೆಸರು ಒದರತಿದ್ದ. ನನ್ನ ಹಳೇ ಹೆಸರು ಒದರಿದ. ಚೂಡಿದಾರ ಹಾಕ್ಕೊಂಡು ನಾ ಎದ್ದೆ. ಹಾಲಿಗೆ ಹಾಲೇ ತೆಲಿ ತಿರುವಿ ನೋಡ್ತು. ಕಾಂಪೌಂಡರ್ ಮತ್ತೊಮ್ಮೆ ಒದರಿದ, ಖಾತ್ರಿ ಮಾಡಕೊಳ್ಳಾಕ ಅಂತ. ಯಾರೋ ಕಿಸಕ್ಕಂತ ನಕ್ರು.

ಇನ್ನೊಂದು ದಿನ ಅದ ಹಾಲಿನ್ಯಾಗ ನೂರಾ ಎರಡು ಜ್ವರದಾಗ ಗ್ವಾಡಿಗೆ ತೆಲಿ ಹಚ್ಚಿ ಕುಂತಿದ್ದೆ. ಒಬ್ಬಾಕಿ ಹೆಣ್ಣಮಗಳು ಬಂದು ತನ್ನ ಕೂಸಿನ ತೆಲಿ ನನ್ನ ತೊಡಿ ಮ್ಯಾಲೆ ಇಟ್ಲು. “ದುವಾ ದೇನಾ ಅಮ್ಮಾ, ನಜರ್ ಲಗೀ ಹೈ” ಅಂದ್ಲು. ನಮ್ಮಂಥವರು ಹರಸಿದ್ರ ಕೂಸಿಗೆ ಹತ್ತಿದ ದೃಷ್ಟಿ ಹೋಗತೈತಂತ. ಏ ಯಪ್ಪಾ, ನನಗ ಹತ್ತಿದ್ದನ್ನ ತಗಿಯವರು ಯಾರು? ಆದ್ರೂ ಕೈ ಎತ್ತಿ ಹರಸಿದೆ. ಕೂಸು ಏನು ಪಾಪ ಮಾಡಿತ್ತು.

ಆ ದವಾಖಾನ್ಯಾಗ ನನ್ನ ಸಮಾಧಾನದ ಜಾಗಾ ಅಂದ್ರ ರಕ್ತ ತಗಿಯೋ ಖೋಲಿ. ಅಲ್ಲಿ ಒಬ್ಬ ನಡುವಯಸ್ಸಿನ ಮನಷಾ ಇದ್ದ. ಮೊದಲ ದಿನ ಚೀಟಿ ಮ್ಯಾಲಿನ ಹೆಸರು ಓದಿದ, ನನ್ನ ಮಾರಿ ನೋಡಿದ, ಚೀಟಿ ಬೋರಲ ಹಾಕಿ “ಅಕ್ಕಾ, ಚೆಯ್ಯಿ ಇವ್ವಂಡಿ” ಅಂದ. ಕೈ ಕೊಡ್ರಿ ಅಕ್ಕಾ, ಅಷ್ಟ. ನನ್ನ ನರ ಸಿಗ್ತಿರಲಿಲ್ಲ. ತನ್ನ ಎರಡೂ ಅಂಗೈಯಾಗ ನನ್ನ ಕೈ ಹಿಡಕೊಂಡು ಬೆಚ್ಚಗ ಮಾಡ್ತಿದ್ದ, ಗದ್ಲ ಇದ್ರೂ ಅವಸರ ಮಾಡ್ತಿರಲಿಲ್ಲ. ಆ ಖೋಲ್ಯಾಗ ಸೂಜಿ ಚುಚ್ಚಿಸಿಕೊಳ್ಳಾಕ ನಾ ಖುಷೀಲೆ ಹೋಗ್ತಿದ್ದೆ.

ಡಾಕ್ಟರಮ್ಮ ಎಲ್ಲಾ ಕಾಗದ ನೋಡಿ ಲೂಪಸ್ ಅಂದ್ರು, ರೋಗದ ಕೂಡ ಬಡದಾಡೋ ಶಕ್ತೀನ ತಿರುಗಿ ನಮ್ಮ ಮೈಯನ್ನ ತಿನ್ನೋ ಬ್ಯಾನಿ. ವಾಸಿ ಆಗಂಗಿಲ್ಲ, ಹಿಡತದಾಗ ಇಟಗೋಬೇಕು, ಗುಳಿಗಿ ತಪ್ಪಸಬಾರದು ಅಂದ್ರು. ಆಮ್ಯಾಲೆ ಅವ್ವನ್ನ ರಿಪೋರ್ಟ್ ತರಾಕ ಕಳಿಸಿ, ಬಾಗಲಾ ಮುಚ್ಚಿ, ಮೆಲ್ಲಕ ಕೇಳಿದ್ರು: “ನೀವು ಹಾರ್ಮೋನ್ ಏನಾದ್ರೂ ತಗೋತೀರೇನು? ನನ್ನ ಮುಂದ ಮುಚ್ಚಿಡಬ್ಯಾಡ್ರಿ.”

ನನ್ನ ಚೀಲದಾಗ ಒಂದು ಹಾಳಿ ಗುಳಿಗಿ ಇದ್ವು. ನನ್ನಂಥಾಕೀನ ಆದ ಗೆಳತಿ ಒಬ್ಬಾಕಿ ತಂದು ಕೊಟ್ಟಿದ್ಲು. ಆರು ತಿಂಗಳು ಧೈರ್ಯ ಮಾಡಿ ಮಾಡಿ, ಆ ಸೋಮವಾರದಿಂದ ಸುರು ಮಾಡಬೇಕಂತ ಇಟಗೊಂಡಿದ್ದೆ. ತಗದು ತೋರಿಸಿದೆ. ಡಾಕ್ಟರಮ್ಮ ಬೈಲಿಲ್ಲ. ನಿಮ್ಮ ರಕ್ತದಾಗ ಹೆಪ್ಪುಗಟ್ಟೋ ಗುಣ ಐತಿ, ಇದನ್ನ ತಿಂದ್ರ ಹೆಪ್ಪಿನ ಗಡ್ಡಿ ಶ್ವಾಸಕೋಶಕ್ಕ ಹೋಗಿ ಕುಂದರಬಹುದು, ನಿಮಗ ಇದು ಆಗಿಬರಂಗಿಲ್ಲ ಅಂದ್ರು. ಮುಂದ ಯಾವಾಗರೆ, ಅಂತ ಕೇಳಿದೆ. ಸುಳ್ಳು ಆಸೆ ತೋರಸಂಗಿಲ್ಲಮ್ಮಾ ಅಂದ್ರು. ಗುಳಿಗಿ ಅವರ ಮೇಜಿನ ಮ್ಯಾಲೆ ಬಿಟ್ಟು ಬಂದೆ. ಲೂಪಸ್ ಅಂದಾಗ ನಾ ಅತ್ತಿರಲಿಲ್ಲ. ಅವತ್ತು ಸಂಡಾಸದಾಗ ನಿಂತು ಬಾಯಿಗೆ ಓಢಣಿ ತುರಕ್ಕೊಂಡು ಅತ್ತೆ.

ಅಂದ್ರ ಇದನ್ನ ನೆನಪಿಟಗೋರಿ. ನನ್ನನ್ನ ಹೆಣ್ಣು ಮಾಡೋ ಗುಳಿಗಿ ಒಂದೂ ನನ್ನ ಹೊಟ್ಟಿಗೆ ಹೋಗಿಲ್ಲ. ಹೋದದ್ದು ಲೂಪಸಿನ ಸ್ಟಿರಾಯ್ಡ್. ಅದು ಜ್ವರ ಇಳಿಸ್ತು, ಬಟ್ಟು ಬಿಚ್ಚಿಸ್ತು, ಜೀವ ಉಳಿಸ್ತು. ಬದಲಿಗೆ ಮಾರಿ ಉಬ್ಬಿಸಿ ಚಂದ್ರಾಮನ ಮಾಡ್ತು. ಎರಡು ವರ್ಷಕ್ಕ ಎಡಗಡೆ ಚಪ್ಪಿಯ, ಅಂದ್ರ ಸೊಂಟದ ಕೀಲಿನ, ಎಲುಬು ಒಣಗಿಸ್ತು. ನನಗ ಇಪ್ಪತ್ನಾಲ್ಕಕ್ಕ ಬಗಲಾಗ ಊರುಗೋಲು ಬಂತು. ಆ ಮೂರು ಮಾಳಿಗಿ ಆಗ ಏರಿ ನೋಡಬೇಕು.

ಬಸ್ಸಿನ್ಯಾಗ ಮುಂದ ಹೆಂಗಸರ ಸೀಟು, ಹಿಂದ ಗಂಡಸರ ಸೀಟು, ಬಾಗಲಾ ಹತ್ರ ಅಂಗವಿಕಲರ ಸೀಟು. ಮುಂದ ಕುಂತ್ರ ಹೆಂಗಸರು “ಲೇವಮ್ಮಾ”, ಏಳಮ್ಮಾ, ಅನ್ನಾಕೂ ಬಾಯಿ ಬರದಂಗಾಗಿ ಕಂಡಕ್ಟರನ್ನ ಕರೀತಿದ್ರು. ಹಿಂದ ಹೋದ್ರ ಮೈ ಮುಟ್ಟವರು. ಅಂಗವಿಕಲರ ಸೀಟಿನ್ಯಾಗ ಕುಂತ ಹಟ್ಟಾಕಟ್ಟಾ ಗಂಡಸು ನನ್ನ ಊರುಗೋಲು ನೋಡಿ, ಮಾರಿ ನೋಡಿ, “ಭಿಕ್ಷಾ ಬೇಡೋ ಹೊಸಾ ಆಟ” ಅಂತ ಹಿಂದಿಯಾಗ ಅಂದು ಕಿಡಕಿ ಕಡೆ ತಿರಗ್ತಿದ್ದ. ಕೊಂಡಾಪುರದ ತನಕ ನಿಂತ ಹೋಗ್ತಿದ್ದೆ. ಆಫೀಸಿನ್ಯಾಗ ಪೆಡಲ್ ಬಿಟ್ಟು ಕೀಲಿಮಣಿಯಿಂದ ಟೇಪ್ ನಡಸಾಕ ಕಲತೆ. ಕೆಲಸ ಅರ್ಧ ನಿಧಾನ, ಆದ್ರೂ ಬಿಡಲಿಲ್ಲ.

ಈಗ ಸುಳ್ಳಿನ ಕಥಿಗೆ ಬರ್ತೀನಿ.

ಲೂಪಸಿನ ಗುಳಿಗಿ ಸುರು ಆಗಿ ವರ್ಷದೊಳಗ, ಊರುಗೋಲು ಬರೂ ಮುಂಚೆ, ರಾಯಚೂರಾಗ ಬಳಗದಾಗ ಒಂದು ಮದುವಿ. ನಾ ಬರಂಗಿಲ್ಲ ಅಂದೆ. ಅವ್ವ ಒಬ್ಬಾಕೀನ ಹೋದ್ರ ಎಲ್ಲಾರೂ ಕೇಳ್ತಾರ ಅಂತ ಎಳಕೊಂಡು ಹೋದ್ಲು. ನಾ ಸಾದಾ ಸಲ್ವಾರ್ ಹಾಕ್ಕೊಂಡೆ, ಕೂದ್ಲ ಹೆಣಕೊಂಡೆ. ಊಟದ ಪಂಕ್ತಿಯಾಗ ಕುಂತೆ. ನಮ್ಮ ಚಿಗವ್ವ, ಅಂದ್ರ ಅವ್ವನ ಒಬ್ಬಾಕೀನ ತಂಗಿ, ಹೋಳಿಗಿ ಬುಟ್ಟಿ ಹಿಡಕೊಂಡು ನನ್ನ ಎಲಿ ಮುಂದ ನಿಂತಬಿಟ್ಲು.

“ಅಕ್ಕಾ, ಏನಿದು ಇವನ ಅವತಾರ?”

ಅವ್ವ ಒಂದು ಕ್ಷಣಾನೂ ತಡ ಮಾಡಲಿಲ್ಲ. “ಗುಳಿಗಿವ್ವಾ. ದೊಡ್ಡ ಬ್ಯಾನಿ ಗುಳಿಗಿ. ಮೈಯಾಗಿನ ಗಂಡಸ್ತನಾನ ತಿಂದಬಿಡತೈತಂತ. ಡಾಕ್ಟರ್ ಮೊದಲ ಹೇಳಿದ್ರು, ಹಿಂಗಾಕ್ಕೈತಿ, ಆದ್ರ ಜೀವ ಉಳೀತೈತಿ ಅಂತ. ಏನ್ ಮಾಡ್ಲಿ, ಇದ್ದಾನಲ್ಲಾ ಸಾಕು.”

ಪಂಕ್ತಿಗೆ ಪಂಕ್ತೀನ “ಅಯ್ಯ ಪಾಪ” ಅಂತು. ಚಿಗವ್ವ ಕಣ್ಣೊರಸಿಕೊಂಡು ನನ್ನ ಎಲಿಗೆ ಇನ್ನೊಂದು ಹೋಳಿಗಿ ಹಾಕಿ, ತುಪ್ಪ ಸುರುವಿದ್ಲು. “ತಿನ್ನೋ ನನ್ನಪ್ಪಾ” ಅಂದ್ಲು.

ನಾ ತಿಂದೆ. ಇದನ್ನ ಮುಚ್ಚಿಡಂಗಿಲ್ಲ. ಸಿಟ್ಟು ಬಂದಿತ್ತು, ಖರೆ. ಆದ್ರ ಆ ಹೋಳಿಗಿ ಭಾಳ ರುಚಿ ಇತ್ತು, ಮತ್ತ ಹತ್ತು ವರ್ಷದಾಗ ಮೊದಲ ಸಲ ನಮ್ಮ ಮಂದಿ ನನ್ನ ನಡುವ ಕುಂದರಿಸಿಕೊಂಡು ಊಟಕ್ಕ ಬಡಿಸಿದ್ರು. ರಾತ್ರಿ ಬಸ್ಸಿನ್ಯಾಗ ಅವ್ವನ್ನ ಕೇಳಿದೆ, ಯಾಕ ಹಂಗ ಹೇಳಿದಿ ಅಂತ. “ಗುಳಿಗಿ ಅಂದ್ರ ಪಾಪ ಅಂತಾರ, ಇದ್ದದ್ದು ಹೇಳಿದ್ರ ಥೂ ಅಂತಾರ. ನಿನಗ ಯಾವುದು ಬೇಕು, ನೀನ ಹೇಳಪಾ” ಅಂದ್ಲು.

ಅವತ್ತಿನಿಂದ ಅದ ಮಾತು ನಮ್ಮ ಮನಿ ಪಾಸು. ನೆರೆಮನಿ ತೆಲುಗಿನವರಿಗೆ “ಮಂದುಲ ವಲ್ಲ” ಅಂತ, ಮಾಲಕಗ “ದವಾಯಿ ಕೀ ವಜಾ ಸೇ” ಅಂತ, ‘ಗುಳಿಗಿಯಿಂದ’ ಅನ್ನೋದನ್ನ ಅವ್ವ ಮೂರೂ ಭಾಷಾದಾಗ ಚಲಾವಣೆ ಮಾಡಿದ್ಲು. ನನ್ನ ಮುಂದೂ ಅದನ್ನ ಹೇಳಾಕತ್ತಿದ್ಲು. “ಆ ಗುಳಿಗಿ ಸುರು ಆಗೂ ಮುಂಚೆ ನೀ ಸರಿ ಇದ್ದಿ ತಮ್ಮಾ.” ಅವ್ವಾ, ನಾ ಐದನೇ ವರ್ಷಕ್ಕ ನಿನ್ನ ಸೀರಿ ಸುತಗೊಂಡಿದ್ದಕ್ಕ ನೀನ ಬಾಸುಂಡಿ ಬರೂ ಹಂಗ ಹೊಡದಿದ್ದೆಲ್ಲ ಅಂದ್ರ, “ಹುಡುಗೂರ ಆಟ ಅದು” ಅಂತಿದ್ಲು. ಖರೇನ ಆಕಿ ಹಂಗ ನಂಬ್ಯಾಳ ಅಂತ ನಾ ತಿಳಕೊಂಡಿದ್ದೆ. ಎಷ್ಟು ಸಲ ಕುಂದರಿಸಿಕೊಂಡು ತಿಳಿಸಿ ಹೇಳೀನಿ, ಎಷ್ಟು ಸಲ ಒದರ್ಯಾಡೀನಿ, ಲೆಕ್ಕ ಇಲ್ಲ.

ಮೂರು ವರ್ಷ ಹಿಂಗ ಹೋಯ್ತು. ಆಮ್ಯಾಲೆ ಚಿಗವ್ವನ ಮಗಳು ಪೂರ್ಣಿಮಾಗ ಜಡ್ಡಾಯ್ತು. ಸೆಕೆಂಡ್ ಪಿಯುಸಿ ಓದಾಕತ್ತಿದ್ಲು. ಜ್ವರ, ಸಂದುನೋವು, ಗಲ್ಲದ ಮ್ಯಾಲೆ ಕೆಂಪು. ಫೋನಿನ್ಯಾಗ ಕೇಳಿದ ಕೂಡಲೇ ಅದ ಬ್ಯಾನಿ ಅಂತ ನನಗ ಹೊಳೀತು. ಕರಕೊಂಡು ಬರ್ರಿ, ತಡ ಮಾಡಬ್ಯಾಡ್ರಿ ಅಂದೆ. ಬಂದ್ರು, ನಮ್ಮನ್ಯಾಗ ಉಳಕೊಂಡ್ರು, ನಮ್ಮ ಡಾಕ್ಟರಮ್ಮನ ನೋಡಿದ್ರು. ಅದ ಲೂಪಸ್. ಅದ ಗುಳಿಗಿ.

ಆ ವಾರ ನಾನ ಆಕಿಗೆ ಎಲ್ಲಾ ಕಲಿಸಿಕೊಟ್ಟೆ. ಖಾಲಿ ಹೊಟ್ಟೀಲೆ ತಿನಬ್ಯಾಡ, ಮುಂಜಾನೆ ತಿನ್ನು, ಇಲ್ಲಂದ್ರ ನಿದ್ದಿ ಬರಂಗಿಲ್ಲ. ಬಿಸಲಾಗ ಹೋಗಬ್ಯಾಡ. ಕನ್ನಡಿ ಭಾಳ ನೋಡಬ್ಯಾಡ. ಹುಡುಗಿ ತೆಲಿ ಅಲ್ಲಾಡಿಸಿ ಕೇಳ್ತಿತ್ತು. ಊರಿಗೆ ಹೋಗೂ ಹಿಂದಿನ ದಿನ ಬಾಲ್ಕನ್ಯಾಗ ಕುಂತಾಗ ಸಣ್ಣ ದನಿಲೆ ಕೇಳಿದ್ಲು:

“ನಿನಗ ಹಿಂಗ ಮಾಡಿದ್ದು ಇದ ಗುಳಿಗಿ ಅಲ್ಲೇನು? ನನಗ ಇದು ಏನ್ ಮಾಡತೈತಿ? ನನಗ ಮೀಸಿ ಬರ್ತಾವೇನು?”

ಅಡಗಿ ಮನಿ ಬಾಗಲಾಗ ಅವ್ವ ನಿಂತಿದ್ಲು. ಕೈಯಾಗ ಲಟ್ಟಣಗಿ. ನನ್ನ ಮಾರೀನ ನೋಡಾಕತ್ತಿದ್ಲು. ನಾ ನಕ್ಕು, “ಏ ಹುಚ್ಚಿ, ನಿನಗ ಹಂಗೇನೂ ಆಗಂಗಿಲ್ಲ ಬಿಡ” ಅಂದೆ. ಇಷ್ಟ ಅಂದೆ. ನನಗೂ ಗುಳಿಗಿಯಿಂದ ಆದದ್ದಲ್ಲ, ನಾ ಹುಟ್ಟಿದಾಗಿಂದ ಹಿಂಗ ಅಂತ ಒಂದು ಮಾತು ಹೇಳಿದ್ರ ಮುಗೀತಿತ್ತು. ಹೇಳಲಿಲ್ಲ. ಹೇಳಿದ್ರ ಚಿಗವ್ವ ಅವತ್ತ ಗಂಟು ಕಟ್ಟತಿದ್ಲು, ಮುಂದಿನ ಮದುವಿಗೆ ನನಗ ಎಲಿ ಹಾಕ್ತಿರಲಿಲ್ಲ. ಒಂದು ಎಲಿ ಊಟದ ಆಸೆಗೆ ನಾ ಬಾಯಿ ಮುಚಗೊಂಡು ಕುಂತೆ. ಈ ಲೇಖನದಾಗ ಎಲ್ಲಾರ ಮ್ಯಾಲೂ ಸಿಟ್ಟು ಮಾಡಾಕತ್ತೀನಲ್ಲ, ಇದನ್ನ ನನ್ನ ಪಾಲಿಗೆ ಬರಕೊಳ್ರಿ.

ಆ ಗುಳಿಗಿ ತಿಂದ ಹೆಣ್ಣಮಕ್ಕಳಿಗೆ ಕೆಲವರಿಗೆ ತುಟಿ ಮ್ಯಾಲೆ ಸಣ್ಣ ಕೂದ್ಲ ಬರತಾವ. ಮಾಮೂಲಿ, ಡೋಸ್ ಇಳದಂಗ ಹೋಗತಾವ. ಒಂದೂವರಿ ತಿಂಗಳಿಗೆ ಪೂರ್ಣಿಮಾಗೂ ಬಂದ್ವು. ಮಾರಿ ಉಬ್ಬಿತು. ಚಿಗವ್ವಗ ಖಾತ್ರಿ ಆಗಿಹೋಯ್ತು. ಗಂಡಿಗೆ ತಿನಿಸಿದ್ರ ಹೆಣ್ಣಾಗತೈತಿ, ಹೆಣ್ಣಿಗೆ ತಿನಿಸಿದ್ರ ಗಂಡಾಗತೈತಿ. ಯಾರಿಗೂ ಹೇಳದಂಗ ಗುಳಿಗಿ ಎಲ್ಲಾ ಮೋರಿಗೆ ಸುರುವಿ, ಹಳ್ಳಿಯಾಗ ಬೇರು ಅರದು ಕೊಡೋ ಒಬ್ಬವನ ಹತ್ರ ಕರಕೊಂಡು ಹೋದ್ಲು. ನಮಗ ತಿಳಿದದ್ದು ತಿಂಗಳ ಮ್ಯಾಲೆ, ಹುಡುಗೀನ ಕದ್ದು ಫೋನ್ ಮಾಡಿದಾಗ. “ಕಾಲು ಬಾತಾವು, ಚಪ್ಪಲಿ ಹಿಡಸವಲ್ಲವು. ಉಚ್ಚಿ ಸಾಬೂನಿನ ನೊರಿ ಹಂಗ ಬರಾಕತ್ತೈತಿ. ಅವ್ವ ಗುಳಿಗಿ ಕೊಡವಲ್ಲಳು.”

ನೊರಿ ಅಂದ್ರ ಏನಂತ ನನಗ ಗೊತ್ತಿತ್ತು. ಇಂಥಾ ಎಷ್ಟು ಕೇಸು ಟೈಪ್ ಮಾಡಿದ್ದೆ. ಮೂತ್ರಪಿಂಡಕ್ಕ ಹತ್ತೈತಿ ಅಂತ ಅರ್ಥ. ಅವತ್ತ ಚಿಗವ್ವಗ ಫೋನ್ ಮಾಡಿ ಎಲ್ಲಾ ಬಿಚ್ಚಿ ಹೇಳಿದೆ.

“ಚಿಗವ್ವಾ, ಕೈ ಮುಗೀತೀನಿ. ಅದು ಸುಳ್ಳು. ಗುಳಿಗಿಯಿಂದ ನಾ ಹಿಂಗಾಗಿಲ್ಲ. ನಾ ಮೊದಲಿಂದ ಹಿಂಗ ಇದೀನಿ.”

“ಏನಂದಿ? ಮೊದಲಿಂದ? ಹಂಗಾರ ನಿಮ್ಮವ್ವ ಸುಳ್ಳ ಹೇಳ್ಯಾಳೇನು? ನನ್ನ ಅಕ್ಕ ನನಗ ಸುಳ್ಳ ಹೇಳ್ತಾಳೇನು?”

“ಹೇಳ್ಯಾಳ.”

“ನಿನಗ ತೆಲಿ ಕೆಟ್ಟೈತಿ. ನೀ ಹಾಳಾದದ್ದು ಸಾಲದು ಅಂತ ನನ್ನ ಮಗಳನ್ನೂ ಹಾಳ ಮಾಡಬೇಕಂತೀಯೇನು? ನಿಮ್ಮವ್ವನ ಹೇಳ್ಲಿ, ಆವಾಗ ನಂಬ್ತೀನಿ.” ಫೋನ್ ಇಟ್ಲು.

ಅವ್ವನ್ನ ಗೋಗರದೆ. ಹೇಳು ಅವ್ವಾ, ಹುಡುಗಿ ಸಾಯ್ತೈತಿ. ಅವ್ವ ಮೊದಲು ಅತ್ಲು, ಆಮ್ಯಾಲೆ ದೇವರ ಮುಂದ ಕುಂತ್ಲು, ಕಡೀಕ ಫೋನ್ ಹಚ್ಚಿದ್ಲು. ಅಬ್ಬಾ ಅಂದೆ. ಏನಂದ್ಲು ಗೊತ್ತೇನ್ರಿ? “ಹೆಣ್ಣುಹುಡುಗೇರಿಗೆ ಅಷ್ಟು ಆಗಂಗಿಲ್ಲಂತವ್ವಾ, ಡಾಕ್ಟರಮ್ಮ ಹೇಳ್ಯಾರ, ಸ್ವಲ್ಪ ಸ್ವಲ್ಪ ಕೊಡು.” ಹಾವೂ ಸಾಯಬಾರದು, ಕೋಲೂ ಮುರೀಬಾರದು. ಚಿಗವ್ವ ಸ್ವಲ್ಪಾನೂ ಕೊಡಲಿಲ್ಲ. ಯಾಕ ಕೊಟ್ಟಾಳು? ಸ್ವಲ್ಪ ಮೀಸಿ ಬಂದ್ರ ಯಾರು ಮದುವಿ ಆಗ್ತಾರ?

ಮತ್ತೊಮ್ಮೆ ಫೋನ್ ಮಾಡು ಅಂದ್ರ ಅವ್ವ ಒಲ್ಲೆ ಅಂದ್ಲು. “ಇಷ್ಟು ದಿನ ಸುಳ್ಳ ಹೇಳೀನಿ ಅಂತ ಹೆಂಗ ಹೇಳ್ಲಿ? ಮಾರಿ ಹೆಂಗ ತೋರಸ್ಲಿ? ಇರಾಕಿ ಒಬ್ಬಾಕಿ ತಂಗಿ.”

ಆವಾಗ ನಾ ಮಾಡಿದ್ದು ಹುಚ್ಚುತನ. ಓದವರು ಯಾರೂ ಮಾಡಬ್ಯಾಡ್ರಿ, ಈ ಗುಳಿಗಿ ಒಮ್ಮಿಗಲೇ ಬಿಟ್ರ ಜೀವ ಹೋಗತೈತಿ ಅಂತ ಡಾಕ್ಟರಮ್ಮ ನನಗ ಮೊದಲ ದಿನಾನ ಹೇಳಿದ್ರು. ಗೊತ್ತಿದ್ದೂ ಮಾಡಿದೆ. ಗುಳಿಗಿ ಡಬ್ಬಿ ಅವ್ವನ ಮುಂದ ಇಟ್ಟು ಹೇಳಿದೆ: “ಇದರಿಂದ ನಾ ಹೆಣ್ಣಾಗೀನಿ ಅಲ್ಲೇನು? ತಗೋ, ಬಿಟ್ಟೆ. ಗಂಡಾಗ್ತೀನೇನೋ ನೋಡೂಣ. ಚಿಗವ್ವಗ ನೀ ಖರೆ ಹೇಳೂ ತನಕ ಮುಟ್ಟಂಗಿಲ್ಲ.”

ಮೊದಲ ದಿನ ಅವ್ವ ಬೈದ್ಲು. ಎರಡನೇ ದಿನ ನನ್ನ ಒಂದೊಂದು ಸಂದೂ ಬೆಂಕಿ ಆಯ್ತು. ಹೊಟ್ಟ್ಯಾಗ ನೀರು ನಿಲ್ಲಲಿಲ್ಲ. ಹಾಸಗಿಯಿಂದ ಎದ್ರ ಕಣ್ಣಿಗೆ ಕತ್ತಲಿ. ಆಕಿ ನನ್ನ ಬಗಲಿಗೆ ಕೈ ಹಾಕಿ ಬಚ್ಚಲಿಗೆ ಎಳಕೊಂಡು ಹೋಗಿ, ಅಲ್ಲೇ ನಿಂತು, ತಿರುಗಿ ಹಿಡಕೊಂಡು ತರಬೇಕಾತು. ಅರವತ್ತರ ಹತ್ರದ ಹೆಂಗಸು, ತನಗ ಮೊಣಕಾಲ ನೋವು. ತಿನ್ನಪ್ಪಾ, ತಿನ್ನೋ ನನ್ನ ಬಂಗಾರ ಅಂತ ಗುಳಿಗಿ ತುಟಿಗೆ ಹಿಡದ್ಲು. ಹಲ್ಲು ಕಚ್ಚಿ ಹಿಡಕೊಂಡೆ. ನನಗ ಭಾಳ ಅಂಜಿಕಿ ಆಗಿತ್ತು. ಸಾಯಾಕ ಮನಸಿರಲಿಲ್ಲ, ಇಪ್ಪತ್ತೈದು ವಯಸ್ಸು ನನಗ. ಇನ್ನೊಂದು ತಾಸು ನೋಡಿ ತಿಂದಬಿಡ್ತೀನಿ ಅಂತ ಮನಸಿನ್ಯಾಗ ಮಾಡಕೊಂಡಿದ್ದೆ. ಆಕಿಗೆ ಅದು ಗೊತ್ತಿರಲಿಲ್ಲ.

ಮೂರನೇ ದಿನ ಮುಂಜಾನೆ ಅವ್ವ ಫೋನ್ ತಗೊಂಡು, ಚಿಗವ್ವಗ ಹಚ್ಚಿ, ನನ್ನ ಹಾಸಗಿ ಪಕ್ಕ ನೆಲಕ್ಕ ಕುಂತ್ಲು. ನನಗ ಕೇಳಸ್ಲಿ ಅಂತನೋ, ಎದ್ದು ನಿಂದ್ರಾಕ ಶಕ್ತಿ ಇಲ್ಲದ್ದಕ್ಕೋ, ಗೊತ್ತಿಲ್ಲ.

“ಕಮಲಾ, ನಾನವ್ವಾ. ಸುಮ್ನ ಕೇಳು, ನಡುವ ಮಾತಾಡಬ್ಯಾಡ. ಪೂರ್ಣಿಮಾಗ ಗುಳಿಗಿ ಕೊಡು. ಇವತ್ತ ಗಾಡಿ ಮಾಡಕೊಂಡು ಇಲ್ಲಿಗೆ ಕರಕೊಂಡು ಬಾ. ಆ ಗುಳಿಗಿ ಏನೂ ಮಾಡಂಗಿಲ್ಲ. ಮದುವಿಯಾಗ ನಾ ಹೇಳಿದ್ದು ಸುಳ್ಳು. ನಾನ ಕಟ್ಟಿದ ಸುಳ್ಳು... ಇಲ್ಲ, ಡಾಕ್ಟರ್ ಹಂಗ ಹೇಳೇ ಇಲ್ಲ. ನನ್ನ ಕೂಸು ಹುಟ್ಟಿದಾಗಿಂದ ಹಂಗ. ನಾಲ್ಕು ವರ್ಷ ಇದ್ದಾಗ ನನಗ ಗೊತ್ತಾಗಿತ್ತು. ಹೆತ್ತಾಕಿಗೆ ಗೊತ್ತಾಗಂಗಿಲ್ಲೇನ? ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.”

ಆ ಕಡೆಯಿಂದ ಚಿಗವ್ವ ಏನೇನೋ ಒದರಾಕತ್ತಿದ್ದು ಹಾಸಗಿ ತನಕ ಕೇಳ್ತಿತ್ತು. ಮಾನ ಮೂರಾಬಟ್ಟಿ ಅನ್ನೋದು ಒಂದು ಕೇಳಸ್ತು. ಅವ್ವ ಫೋನ್ ಕಿವಿಗೆ ಹಿಡಕೊಂಡ ಕುಂತಿದ್ಲು. ಆ ಕಡೆ ಕಟ್ ಆದ ಮ್ಯಾಲೆ ಗುಳಿಗಿ, ನೀರು ತಂದು ಕೊಟ್ಲು. ತಿಂದೆ. ಮಧ್ಯಾಹ್ನ ದವಾಖಾನಿಗೆ ಒಯ್ದು ದಾಖಲ ಮಾಡಿ ಸಲಾಯಿನ್ ಹಚ್ಚಿಸಿದ್ಲು. ಡಾಕ್ಟರಮ್ಮ ಹಲ್ಲು ಕಡಕೊಂಡು ಬೈದ್ರು, ನಿನ್ನಂಥಾ ಓದಿದ ದಡ್ಡಿಯನ್ನ ನೋಡಿಲ್ಲ ಅಂದ್ರು.

ಮರುದಿನ ಪೂರ್ಣಿಮಾನ ತಂದು ಅದ ದವಾಖಾನ್ಯಾಗ ಹಾಕಿದ್ರು. ಹುಡುಗಿ ಉಳೀತು. ಮೂತ್ರಪಿಂಡ ಪೂರ್ತಿ ಉಳೀಲಿಲ್ಲ, ಅರ್ಧ ಹೋಗಿತ್ತು. ಒಂದು ತಿಂಗಳು ಮೊದಲ ಬಂದಿದ್ರ ಅಂತ ಡಾಕ್ಟರಮ್ಮ ಸುರು ಮಾಡಿ ಅಲ್ಲಿಗೇ ನಿಲ್ಲಿಸಿದ್ರು. ಮುಂದಿನದು ನನಗ ಗೊತ್ತೈತಿ. ನಾ ಇದ್ದ ವಾರ್ಡು, ಆಕಿ ಇದ್ದ ವಾರ್ಡು ಒಂದ ಮಾಳಿಗಿ. ಊರುಗೋಲು ಹಿಡಕೊಂಡು ಆಕಿ ಬಾಗಲಿನ ತನಕ ಹೋದೆ. ಚಿಗವ್ವ ಎದ್ದು ಬಂದು ಅಡ್ಡ ನಿಂತ್ಲು. ಬೈಲಿಲ್ಲ. “ನೀ ಹೊರಗ ಇರು” ಅಂದು ಪರದೆ ಎಳದ್ಲು. ಆಮ್ಯಾಲಿಂದ ನಮ್ಮನ್ನ ಯಾವ ಕಾರ್ಯಕ್ಕೂ ಕರದಿಲ್ಲ. ಪೂರ್ಣಿಮಾ ಈಗ ಬ್ಯಾಂಕಿನ್ಯಾಗ ಕೆಲಸ ಮಾಡ್ತಾಳಂತ, ಮೂರು ತಿಂಗಳಿಗೊಮ್ಮೆ ರಕ್ತ ತೋರಸಾಕ ಬರ್ತಾಳಂತ. ರಕ್ತ ತಗಿಯೋ ಆ ಮನಷಾ ಹೇಳಿದ. ಆಕಿ ನನಗ ಒಮ್ಮೆನೂ ಫೋನ್ ಮಾಡಿಲ್ಲ. ಸಿಟ್ಟಿದ್ರ ಅದು ನ್ಯಾಯವಾದ ಸಿಟ್ಟು.

ನಾ ದವಾಖಾನಿಯಿಂದ ಮನಿಗೆ ಬಂದು ಹದಿನೈದು ದಿನ ಆಗಿತ್ತು. ಅವ್ವ ಬಟ್ಟಿ ಮಡಚಾಕತ್ತಿದ್ಲು. ನನ್ನ ಚೂಡಿದಾರ, ನನ್ನ ಒಳ ಅರಿವಿ, ಎಲ್ಲಾ ತನ್ನ ಸೀರಿ ಸಂಗಟ ಒಂದ ಗಂಟಿನ್ಯಾಗ ಮಡಚಿ ಇಡ್ತಿದ್ಲು. ಅಷ್ಟು ದಿನ ಕೇಳದ ಇಟಗೊಂಡಿದ್ದನ್ನ ಕೇಳಿಬಿಟ್ಟೆ.

“ನಾಲ್ಕು ವರ್ಷಕ್ಕ ಗೊತ್ತಾಗಿತ್ತು ಅಂದೆಲ್ಲ ಅವ್ವಾ. ಹಂಗಾರ ಐದಕ್ಕ ಯಾಕ ಹೊಡದಿ? ಹತ್ತಕ್ಕ ಯಾಕ ಹೊಡದಿ? ಗೊತ್ತಿಲ್ಲದ್ದಕ್ಕ ಹೊಡೀತಾಳ ಅಂತ ತಿಳಕೊಂಡು ನಾ ಇಷ್ಟು ವರ್ಷ ನಿನಗ ತಿಳಿಸಿ ಹೇಳ್ತಿದ್ದೆ.”

ಅವ್ವ ಮಡಚೂದು ಬಿಡಲಿಲ್ಲ. ನನ್ನ ಕಡೆ ನೋಡಲಿಲ್ಲ.

“ಗೊತ್ತಿತ್ತಂತನ ಹೊಡದೆ” ಅಂದ್ಲು.

ಮಡಚಿದ ಗಂಟು ಎತ್ತಿ ಒಳಗ ಇಟ್ಲು. ನಾ ಆಕಿನ್ನ ಮಾಫ್ ಮಾಡಿಲ್ಲ, ಇವತ್ತಿನ ತನಕ ಮಾಡಿಲ್ಲ. ಮುಂಜಾನೆ ಆಫೀಸಿಗೆ ಹೊಂಟ್ರ ಆಕೀನ ಬಾಗಲಾಗ ಕುಂತು ನನ್ನ ಕಾಲಿಗೆ ಚಪ್ಪಲಿ ಏರಿಸಿ ಪಟ್ಟಿ ಬಿಗೀತಾಳ. ನನಗ ಬಗ್ಗಾಕ ಬರಂಗಿಲ್ಲ.